ಕೆರೆ ಏರಿ ದಾಟದ ತಾತನ ವಿಲ್

ಮಾನ್ಯ ಉಪನೋಂದಣಾಧಿಕಾರಿಗಳೇ,

ನಮ್ಮ ತಾತ ತಮ್ಮ ವಿಲ್ ನೋಂದಣಿ ಮಾಡಿಸಬೇಕು. ಅವರು ನಿಮ್ಮ ಕಚೇರಿಗೆ ಬರುವಂತಿಲ್ಲ, ನೀವು ನಮ್ಮ ಮನೆಗೆ ಬರುತ್ತಿಲ್ಲ. ದೂರು ಇಷ್ಟೇ. ಇಬ್ಬರ ನಡುವೆ ಇರುವುದು ಒಂದು ಕೆರೆ ಏರಿ, ಅಲ್ಲಿಂದಾಚೆಗೆ ಮೂರು ಕಿಲೋಮೀಟರು ಡಾಂಬರು ರಸ್ತೆ.

ನಾನು ನವ್ಯಾ. ಕೊಯಮತ್ತೂರಿನ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಪಂಪುಗಳನ್ನು ಪರೀಕ್ಷೆ ಮಾಡುತ್ತೇನೆ. ಈಚಿನ ನಾಲ್ಕು ವರ್ಷದಲ್ಲೇ ಇದು ನನ್ನ ಮೂರನೇ ಊರು. ಒಂದು ಕಡೆ ಕೂರುವ ಹುಡುಗಿಯಲ್ಲ ಎಂದು ಮನೆಯಲ್ಲಿ ಹೆಸರು ಕೆಡಿಸಿಕೊಂಡಿದ್ದೇನೆ. ಕಾರ್ಖಾನೆಯ ಬಸ್ಸಿನಲ್ಲಿ ಕೂತು ಇದನ್ನೆಲ್ಲ ಫೋನಿಗೆ ಹೇಳಿ ಕಳಿಸುತ್ತೇನೆ, ಹಾಸನದಲ್ಲಿರುವ ತಂಗಿ ಪ್ರಾರ್ಥನಾ ಬರೆದುಕೊಳ್ಳುತ್ತಾಳೆ. ತಮ್ಮ ಕಚೇರಿಯ ಬಗ್ಗೆ ನಾನಾಡಿದ ಒಂದೆರಡು ಮಾತನ್ನು ಅವಳು ಬಿಟ್ಟುಬಿಟ್ಟಿದ್ದಾಳಂತೆ. ಅದಕ್ಕಾಗಿ ತಾವು ಅವಳಿಗೆ ಕೃತಜ್ಞರಾಗಿರಬೇಕು.

ತಾತನ ಹೆಸರು ಶಾಂತರಾಜಯ್ಯ, ವಯಸ್ಸು ಎಂಬತ್ತೊಂದು. ಮೊದಲು ಪಾತ್ರೆ ವ್ಯಾಪಾರ. ಆರು ವರ್ಷದ ಹಿಂದೆ ಅಜ್ಜಿ ತೀರಿಕೊಂಡ ಮೇಲೆ ಜಿನನಾಥಪುರದ ಬಸದಿಯಲ್ಲಿ, ಮುನಿಗಳ ಎದುರು ದಿಗ್ವ್ರತ ಸ್ವೀಕರಿಸಿದರು. ಅಂದರೆ ನಾಲ್ಕು ದಿಕ್ಕಿಗೂ ಒಂದೊಂದು ಗಡಿ ಹಾಕಿಕೊಂಡು, ಜೀವ ಇರುವ ತನಕ ಅದನ್ನು ದಾಟದಿರುವುದು. ಒಂದು ಕಡೆ ಹಿರೀಸಾವೆಯ ಹೈವೇ, ನಿಮ್ಮ ಪೇಟೆಯ ಕಡೆಗೆ ಈ ಕೆರೆ ಏರಿ. ವ್ರತ ತೊಡುವ ದಿನ ತಾವೂ ಒಂದು ದಿನ ವಿಲ್ ಬರೆಯಬೇಕಾಗುತ್ತದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಗಡಿಯನ್ನು ಮೂರು ಕಿಲೋಮೀಟರು ಮುಂದಕ್ಕೆ ಇಟ್ಟುಕೊಳ್ಳುತ್ತಿದ್ದರು.

ಆದರೆ ತಾತ ವ್ಯಾಪಾರಸ್ಥರು, ಪೂರ್ತಿ ಮೈಮರೆಯುವವರಲ್ಲ. ವ್ರತಕ್ಕೆ ಒಂದು ವಾರ ಮೊದಲೇ ಕಚೇರಿಗೆ ಬಂದು ನನ್ನ ಹೆಸರಿಗೆ ಜಿಪಿಎ ಮಾಡಿಸಿಕೊಟ್ಟರು, ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ. "ನಾನು ಕೂತ್ಕತೀನಿ, ನೀನು ತಿರುಗು. ನಿಂಗೆ ಹೆಂಗೂ ಕಾಲು ನಿಲ್ಲಲ್ವಲ್ಲ" ಅಂದರು. ಅವತ್ತಿನಿಂದ ರಜೆಗೆ ಬಂದಾಗಲೆಲ್ಲ ನಾನೇ ಶಾಂತರಾಜಯ್ಯ. ಪಹಣಿ ತಿದ್ದುಪಡಿಗೆ ನಾನು, ಕರೆಂಟು ಮೀಟರಿಗೆ ನಾನು, ಪಂಚಾಯ್ತಿ ಕಂದಾಯಕ್ಕೆ ನಾನು.

ಹೀಗೆ ಸಹಿ ಹಾಕಿ ಹಾಕಿ ನನಗೆ ಸೊಕ್ಕು ಬಂದಿತ್ತು. ಕಳೆದ ತಿಂಗಳು ತಾತ ವಿಲ್ ಮಾಡಬೇಕು ಎಂದಾಗ ಎರಡು ದಿನ ರಜೆ ಹಾಕಿ ಬಂದು, ವಿಲ್ಲನ್ನೂ ನಾನೇ ಬರೆದು, ಕೆಳಗೆ 'ಶಾಂತರಾಜಯ್ಯನವರ ಪರವಾಗಿ, ನವ್ಯಾ' ಎಂದು ಸಹಿ ಹಾಕಿ ನಿಮ್ಮ ಗುಮಾಸ್ತರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಏನಮ್ಮಾ, ತಾತನ ಪರವಾಗಿ ನೀನೇ ಸಾಯ್ತೀಯಾ?"

ಪಕ್ಕದ ಮೇಜಿನವರನ್ನೂ ಕರೆದರು. "ಲೇ, ಬಾರ್ಲಾ ಇಲ್ಲಿ, ಈ ಕಾಗ್ದ ನೋಡು." ಇಬ್ಬರೂ ಮನಸಾರೆ ನಕ್ಕರು. ನಗಲಿ, ತಪ್ಪು ನನ್ನದೇ. ಜಿಪಿಎ ಇಟ್ಟುಕೊಂಡು ಇನ್ನೊಬ್ಬರ ವಿಲ್ ಬರೆಯಲಾಗದು, ಕೊಟ್ಟವರು ಕಣ್ಣು ಮುಚ್ಚಿದ ಕ್ಷಣವೇ ಜಿಪಿಎ ಕೂಡ ಮುಗಿಯುತ್ತದೆ. ಇದು ಅವತ್ತು ನನಗೆ ತಿಳಿಯಿತು. ಆರು ವರ್ಷದ ಹಿಂದೆ ಮೊಹರು ಹಾಕಿದ ಕಚೇರಿ ಈ ಎರಡು ವಾಕ್ಯವನ್ನು ಅವತ್ತೇ ಹೇಳಿದ್ದರೆ ಮೊಹರಿನ ಶಾಯಿ ಏನಾದರೂ ಒಣಗಿಹೋಗುತ್ತಿತ್ತೇ?

ಆ ವಿಲ್ಲಿನಲ್ಲಿ ಅಂಥದ್ದೇನಿದೆ ಎಂದು ತಾವು ಕೇಳಬಹುದು. ಹಿತ್ತಲಿನ ಎರಡು ಕೋಣೆಯ ಮನೆ, ತಾತ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು. ಅದನ್ನು ಲಕ್ಕಮ್ಮನಿಗೆ ಬರೆಯುತ್ತಿದ್ದಾರೆ. ಲಕ್ಕಮ್ಮ ಇಪ್ಪತ್ತಮೂರು ವರ್ಷದಿಂದ ನಮ್ಮ ಮನೆಯ ಒಲೆ ಹೊತ್ತಿಸುತ್ತಾ ಬಂದವರು, ಅಜ್ಜಿ ಹಾಸಿಗೆ ಹಿಡಿದಿದ್ದ ಮೂರು ವರ್ಷ ಆಕೆಯನ್ನು ಮಗುವಿನ ಹಾಗೆ ನೋಡಿಕೊಂಡವರು, ಹೊತ್ತು ಮುಳುಗಿದ ಮೇಲೆ ಉಣ್ಣದ ತಾತನಿಗೆ ಮೊದಲೇ ಊಟ ಬಡಿಸಬೇಕೆಂದು ಈ ಇಪ್ಪತ್ತಮೂರು ವರ್ಷವೂ ಸೂರ್ಯನ ಮೇಲೆ ಒಂದು ಕಣ್ಣಿಟ್ಟವರು. ರಕ್ತ ಸಂಬಂಧ ಇಲ್ಲ. ಹಾಗಾಗಿ ವಿಲ್ ಇಲ್ಲದೆ ತಾತ ಹೋದರೆ ಆಕೆಗೆ ಕಾನೂನಿನ ಪ್ರಕಾರ ಒಂದು ಹೆಂಚೂ ಬರುವುದಿಲ್ಲ. ನನ್ನ ಜಿಪಿಎ ಅವತ್ತಿಗೆ ಬರೀ ಕಾಗದ.

ವಿಲ್ಲಿಗೆ ನೋಂದಣಿ ಕಡ್ಡಾಯವಲ್ಲ ಎಂಬುದು ನನಗೂ ಗೊತ್ತು. ತಾತ ಈಗ ತಾವೇ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ಇಟ್ಟಿದ್ದಾರೆ. ಆದರೆ ಹಾಸನದಲ್ಲಿ ಅಂಗಡಿ ಇಟ್ಟಿರುವ ತಾತನ ಮಗ, ನಮ್ಮ ಭರತೇಶ್ ಮಾವ, ಉಪ್ಪಿಟ್ಟು ತಿನ್ನುತ್ತಲೇ ಹೇಳಿದರು: "ನಾನು ಒಪ್ತೀನಿ ಕಣಮ್ಮ. ಸೀಲಿಲ್ದಿರೋ ಕಾಗ್ದನ ನಾಳೆ ನನ್ ಮಕ್ಳು ಒಪ್ತಾರಾ ಅಂತ ನಾನೆಂಗೆ ಹೇಳ್ಲಿ?" ಮಾವ ಕೆಟ್ಟವರಲ್ಲ, ಅದಕ್ಕೇ ನನಗೆ ಭಯ. ಕೆಟ್ಟವರಾದರೆ ಜಗಳವಾಡಬಹುದು. ಓದು ಬಾರದ ಲಕ್ಕಮ್ಮ ಒಂದು ಮೊಹರಿಲ್ಲದ ಹಾಳೆ ಹಿಡಿದು ಯಾರ ಎದುರು ನಿಲ್ಲಬೇಕು?

ಅವತ್ತು ಕಚೇರಿಯಲ್ಲೇ, ಹಾಗಾದರೆ ಮನೆಗೆ ಬನ್ನಿ ಎಂದಿದ್ದೆ. "ಕಾಯಿಲೆಯವ್ರಾದ್ರೆ ಸಾಹೇಬ್ರು ಬತ್ತಾರೆ, ವ್ರತದವ್ರಿಗೆಲ್ಲ ಬರಕ್ಕಾಯ್ತದಾ? ಒಂದು ಡಾಕ್ಟ್ರು ಸರ್ಟಿಫಿಕೇಟ್ ತನ್ನಿ, ಮಂಡಿ ನೋವು ಅಂತ" ಎಂದರು ಗುಮಾಸ್ತರು. ಸಲಹೆ ಒಳ್ಳೆಯದೇ. ತೊಂದರೆಯೆಂದರೆ ತಾತ ಈಗಲೂ ಗಡಿಯೊಳಗಿನ ಬೆಟ್ಟ ಹತ್ತಿ ಇಳಿಯುತ್ತಾರೆ. ಮನೆಗೆ ಬಂದು ಹೇಳಿದ್ದಕ್ಕೆ ನನ್ನನ್ನೇ ದುರುಗುಟ್ಟಿ ನೋಡಿದರು. "ಒಂದು ವ್ರತ ಉಳಿಸ್ಕಳಕ್ಕೆ ಇನ್ನೊಂದು ಮುರೀಲಾ? ಸುಳ್ ಹೇಳಲ್ಲ ಅಂತ ನಾನು ಹೇಳಿರೋದು ಅದ್ಕಿಂತ ಹಳೇದು."

ಗಟ್ಟಿಮುಟ್ಟಾಗಿರುವುದು, ಸುಳ್ಳು ಹೇಳದಿರುವುದು, ಕೊಟ್ಟ ಮಾತಿಗೆ ನಿಲ್ಲುವುದು: ಈ ಮೂರೂ ಅಪರಾಧ ಒಟ್ಟಿಗೆ ಮಾಡಿದವರು ನಿಮ್ಮ ಕಚೇರಿಗೆ ಬಹುಶಃ ಇವರೊಬ್ಬರೇ ಸಿಕ್ಕಿರಬೇಕು. ನೋಂದಣಿ ಕಾಯ್ದೆಯನ್ನು ನಾನೂ ಬಸ್ಸಿನಲ್ಲಿ ಕೂತು ಓದಿದೆ. ವಿಶೇಷ ಕಾರಣ ತೋರಿಸಿದರೆ ಅಧಿಕಾರಿ ಮನೆಗೇ ಹೋಗಬಹುದು ಎಂದಿದೆ. ಜೈಲಿನಲ್ಲಿರುವವರು ಕಚೇರಿಗೆ ಬರಬೇಕಿಲ್ಲ ಎಂದೂ ಇದೆ. ಸರ್ಕಾರ ಗಡಿ ಹಾಕಿ ಕೂರಿಸಿದವನಿಗೆ ಇರುವ ಅನುಕೂಲ, ತಾನೇ ಗಡಿ ಹಾಕಿಕೊಂಡು ಕೂತವರಿಗೆ ಯಾಕಿಲ್ಲ? ಇವರೂ ಜೈಲಿಗೆ ಹೋದರೆ ಅನುಕೂಲವೇ? ನಿಮ್ಮ ಗುಮಾಸ್ತರು ಅದಕ್ಕೂ ಒಂದು ಫಾರಂ ಕೊಡಬಹುದು.

ಅವತ್ತು ಹೊರಡುವಾಗ ಗುಮಾಸ್ತರು ಕನಿಕರದಿಂದ "ನೋಡಣ, ಒಂದು ಸೋಮವಾರ ಸಾಹೇಬ್ರು ಆ ಕಡೆ ಬಂದಾಗ ನಿಮ್ ಮನೆಗೂ ಬರಕ್ಕೆ ಹೇಳ್ತೀನಿ" ಅಂದಿದ್ದರು. ನಾನು ಅದನ್ನು ಹಾಗೇ ತಾತನಿಗೆ ಹೇಳಿದೆ. ಮಾತು ಎಂದರೆ ಮಾತು ಎಂದು ನಂಬುವ ಮನುಷ್ಯರಿಗೆ ಹಾಗೆಲ್ಲ ಹೇಳಬಾರದಿತ್ತು. ಅಂದಿನಿಂದ ನಾಲ್ಕು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ತಾತ ವಿಲ್ ಹಿಡಿದು ಕೆರೆ ಏರಿಯ ಮೇಲೆ, ತಮ್ಮ ಗಡಿಯೆಂದು ಗುರುತಿಟ್ಟುಕೊಂಡ ಕಲ್ಲಿಗೆ ಈಚೆ ಒಂದು ಮಾರು ದೂರದಲ್ಲಿ ಕೂರುತ್ತಿದ್ದಾರೆ. ಕಳೆದ ವಾರ ಪ್ರಾರ್ಥನಾ ಜೊತೆಗಿದ್ದಳು. ಲಕ್ಕಮ್ಮ ಕೊಡೆ ಹಿಡಿದು ನಿಂತು ಬೈಯುತ್ತಿದ್ದರಂತೆ.

"ನಡೀರಯ್ಯ, ಬಿಸ್ಲು ಏರ್ತಾ ಅದೆ. ಅವ್ರು ಬರಾಕಿಲ್ಲ. ನನ್ ಮನೆ ಕಾಗ್ದುಕ್ಕೆ ನಾನೇ ಕೊಡೆ ಇಡ್ಕಂಡ್ ನಿಂತ್ಕಬೇಕಾ?"

"ಇನ್ನೊಂದ್ ಗಳಿಗೆ ನೋಡಣ ಕಣಮ್ಮ. ಬತ್ತೀನಿ ಅಂದವ್ರೆ."

ಮಾನ್ಯರೇ, ಬರುವ ಸೋಮವಾರ ತಾವು ಮನೆಗೆ ಬರಬೇಕು. ನಿಗದಿತ ಶುಲ್ಕ ಕಟ್ಟುತ್ತೇವೆ, ವಾಹನ ನಾವೇ ಕಳಿಸುತ್ತೇವೆ. ಆಗುವುದಿಲ್ಲ ಎಂದರೆ ಅದನ್ನಾದರೂ ಕಾರಣ ಸಮೇತ ಬರೆದು ಕೊಡಿ, ಮೇಲಿನವರ ಹತ್ತಿರ ಹೋಗುತ್ತೇನೆ, ನನಗೆ ಗಡಿಯಿಲ್ಲ. ದಾರಿ ಕೇಳುವ ಕಷ್ಟವೂ ತಮಗೆ ಬೇಡ. ಏರಿ ಹತ್ತಿದ ಕೂಡಲೇ ಒಂದು ಕೊಡೆ ಕಾಣುತ್ತದೆ. ಅದರ ಕೆಳಗಿರುವವರು ಎದ್ದು ಬಂದು ತಮ್ಮನ್ನು ಎದುರುಗೊಳ್ಳದಿದ್ದರೆ ಅಗೌರವ ಎಂದು ತಿಳಿಯಬೇಡಿ. ಅವರು ಬರಬಹುದಾದಷ್ಟೂ ಬಂದಾಗಿದೆ.

ಇಂತಿ,
ತಾತನ ಪರವಾಗಿ ಎಲ್ಲದಕ್ಕೂ ಸಹಿ ಹಾಕಬಲ್ಲ, ಬೇಕಾದ ಒಂದಕ್ಕೆ ಮಾತ್ರ ಹಾಕಲಾಗದ
ನವ್ಯಾ