ಬಸ್ಸು ಹತ್ತದ ಕಸ್ತೂರಬಾಯಿ

ಆಗಸ್ಟ್ ೧೨, ಮಂಗಳವಾರ

ತಪ್ಪು ನನ್ನ ಪ್ರಶ್ನೆಯದೇ. ಬಸ್ಸಿನಲ್ಲಿ ವಾಂತಿಯಾಗುವವರಿಗೆ ಆಪರೇಷನ್ ಆದಮೇಲೂ ಆಗುವುದು ಹೆಚ್ಚು. ಅದಕ್ಕೇ ಮಟಕಿ ಊರಿನ ಕಸ್ತೂರಬಾಯಿಯನ್ನು ನಿನ್ನೆ, "ಬಸ್ಸಿನಾಗ ವಾಂತಿ ಆಗ್ತದೇನ್ರಿ?" ಎಂದು ಕೇಳಿದ್ದೆ. "ಎಂದೂ ಇಲ್ರಿ," ಎಂದರು. ನಂಬಿ ಬರೆದುಕೊಂಡೆ. ಇವತ್ತು ಆಪರೇಷನ್ ಮುಗಿದು ವಾರ್ಡಿಗೆ ಬಂದದ್ದೇ ತಡ, ನನ್ನ ಚಪ್ಪಲಿಯ ಮೇಲೇ ವಾಂತಿ!

ಸೊಸೆ ನಕ್ಕಳು: "ವಾಂತಿ ಆಗ್ತದಂತ ಅತ್ತಿ ಬಸ್ಸೇ ಹತ್ತಂಗಿಲ್ರಿ ಸಿಸ್ಟರ್. ಎಲ್ಲಿ ಹೋದ್ರೂ ಟ್ರ್ಯಾಕ್ಟರ್‌ನಾಗೇ."

ಇಂಜೆಕ್ಷನ್ ಬರುವಷ್ಟರಲ್ಲಿ ಸ್ಪಿರಿಟ್ ಹತ್ತಿಯ ಪುಟ್ಟ ಪಾಕೀಟೊಂದನ್ನು ಹರಿದು ಮೂಗಿನ ಹತ್ತಿರ ಹಿಡಿದು, "ಜೋರಾಗಿ ಉಸಿರು ಎಳೀರಿ," ಅಂದೆ. ನಾಲ್ಕನೇ ಉಸಿರಿಗೆ ಮುಖ ಅರಳಿತು.

ಸಂಜೆ ಮೆಲ್ಲಗೆ ಕೇಳಿದರು: "ಆ ಹತ್ತಿ ನಾಕು ಪಾಕೀಟ್ ಕೊಡವಾ. ಯಡ್ರಾಮ್ಯಾಗ ಮಗಳ ಮನಿ ಇನ್ನಾ ನೋಡಿಲ್ಲ. ಅಷ್ಟು ದೂರ ಟ್ರ್ಯಾಕ್ಟರ್ ಹೋಗಂಗಿಲ್ಲ."

ಎಂಟು ಕೊಟ್ಟೆ. ತಿರುಗಿ ಬರುವಾಗಲೂ ಬೇಕಲ್ಲ.