ಹಾಡಿನ ಕೆಳಗಿನ ಹೆಸರು

ಮಂಗಳವಾರ, ಮಧ್ಯಾಹ್ನ

ನನ್ನ ಗಲಾಟೆ ತಂಗಿಗೆ,

‘ನನ್ನ ಗಂಟಲೇನು ನಿಮ್ಮಪ್ಪನ ಆಸ್ತಿಯೇನ್ರೀ...’ ನಿನ್ನ ಮೊದಲ ಹಾಡಿನ ಈ ಸಾಲು ಬೆಳಗಿನಿಂದ ನಾಲಿಗೆಯ ಮೇಲಿದೆ. ಮುಂದಿನದು ಮಾತ್ರ ನೆನಪಾಗುತ್ತಿಲ್ಲ. ‘ಬೀಗ ಜಡಿಯೋಕೆ’ ಎಂದಿತ್ತೋ, ‘ಬಾಡಿಗೆ ಕೇಳೋಕೆ’ ಎಂದಿತ್ತೋ? ಅಂದು ನಾನು, ಕಾಲೇಜಿನಲ್ಲಿ ಕಾವ್ಯ ಕಲಿಸುವವಳ ಗತ್ತಿನಲ್ಲಿ, ‘ಇದು ಕವಿತೆ ಏನೇ? ಬರೀ ಜಗಳ ಅಲ್ವಾ?’ ಎಂದಿದ್ದೆ. ‘ಜಗಳಾನೇ ಕಣಕ್ಕಾ. ಪಂಕ್ ಸಂಗೀತ ಅಂದ್ರೆ ಮೂರು ಸ್ವರ, ಒಂದು ಜಗಳ’ ಎಂದು ನೀನು ನಕ್ಕಿದ್ದೆ. ನಾನು ಓದಿದ ಎಷ್ಟೋ ಕವಿತೆಗಳಿಗೆ ಜಗಳವಾಡುವ ಧೈರ್ಯವೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹೇಗಿದ್ದೀಯ? ಎರಡು ತಿಂಗಳಾದರೂ ಅಕ್ಕ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಜೈಲಿಗೆ ಬರುವ ಪತ್ರಗಳನ್ನು ಒಡೆದು ಓದುತ್ತಾರೆಂಬುದು ನೆಪ. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಇದನ್ನು ನಿನ್ನ ವಕೀಲೆ ತಮ್ಮ ಫೈಲಿನೊಳಗಿಟ್ಟು ತರುತ್ತಾರೆ. ಓದಿ ಅವರ ಕೈಗೇ ಕೊಟ್ಟುಬಿಡು.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ತಲೆ ಬೋಳಿಸಿದರೆಂದು ತಿಳಿದಾಗ, ‘ಆ ಹಸಿರು ಬಣ್ಣ ಹೋಯ್ತಲ್ಲ, ಈ ಸರ್ಕಾರ ಮಾಡಿದ ಒಂದೇ ಒಂದು ಒಳ್ಳೇ ಕೆಲಸ’ ಎಂದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಒಳಗೇ ಇದ್ದಳು.

ನೀವು ಕದ್ದು ಹಾಡುತ್ತಿದ್ದ ಆ ನೆಲಮಾಳಿಗೆಯ ಲಾಂಡ್ರಿ ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ. ಗೇಟಿನಿಂದ ಕೆಳಗಿಳಿಯಲು ಪೊಲೀಸರಿಗೆ ಎರಡು ನಿಮಿಷ ಬೇಕೆಂದು ಲೆಕ್ಕ ಹಾಕಿ, ಹಾಡುಗಳನ್ನೆಲ್ಲ ಒಂದೂವರೆ ನಿಮಿಷಕ್ಕೆ ಕತ್ತರಿಸಿದ್ದಿರಿ. ಗಡಿಯಾರ ಹಿಡಿದು ಕೂರುವ ಕೆಲಸ ನನ್ನದು. ನೀನು ಸಿಕ್ಕಿಬಿದ್ದ ದಿನ ಹಾಡಿದ್ದು, ಮುಷ್ಕರದ ದಿನ ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋದ ಹದಿನೇಳು ಬಸ್ ಚಾಲಕರನ್ನು ಒಬ್ಬೊಬ್ಬರನ್ನಾಗಿ ಹೆಸರು ಕರೆದು ‘ಎಲ್ಲಿ?’ ಎಂದು ಕೇಳುವ ಹಾಡು. ಯಾವ ಪತ್ರಿಕೆಯೂ ಕೇಳದ ಪ್ರಶ್ನೆ. ಹನ್ನೊಂದನೆಯ ಹೆಸರಿಗೆ ಬೂಟುಗಳು ಮೆಟ್ಟಿಲಿಳಿದವು, ಕರೆಂಟು ಹೋಯಿತು. ನಾವೆಲ್ಲ ಹಿಂಬಾಗಿಲಿಗೆ ಓಡಿದೆವು. ನೀನು ಮಾತ್ರ ಸತ್ತ ಮೈಕನ್ನು ಕೆಳಗಿಟ್ಟು, ಬಟ್ಟೆ ಒಗೆಯುವ ಯಂತ್ರದ ಮೇಲೆ ಹತ್ತಿ, ಉಳಿದ ಆರು ಹೆಸರುಗಳನ್ನು ಬರಿಗಂಟಲಲ್ಲಿ ಮುಗಿಸಿದೆ. ದನಿ ಒಡೆದಿತ್ತು, ಶ್ರುತಿ ಎಲ್ಲೋ ಇತ್ತು. ಅದಕ್ಕಿಂತ ಒಳ್ಳೆಯ ಹಾಡನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ನಿಮ್ಮ ಡ್ರಮ್ಮಿನವನು ನಿನ್ನೆ ಗ್ಯಾರೇಜಿನಿಂದ ಎಣ್ಣೆಗೈಯಲ್ಲೇ ಬಂದಿದ್ದ. ತಂಡದ ಉಳಿದ ಮೂವರೂ ಠಾಣೆಗೆ ಹೋಗಿ ‘ಹಾಡು ಬರೆದದ್ದು ನಾನೇ’ ಎಂದು ಬೇರೆಬೇರೆಯಾಗಿ ಬರೆದುಕೊಟ್ಟರಂತೆ. ‘ಒಂದೂವರೆ ನಿಮಿಷದ ಹಾಡಿಗೆ ಎಷ್ಟು ಜನ ಅಪ್ಪಂದಿರಯ್ಯಾ?’ ಎಂದು ನಕ್ಕು ಇನ್ಸ್‌ಪೆಕ್ಟರ್ ಆಚೆ ಅಟ್ಟಿದನಂತೆ. ಅವನ ಕೈಯಲ್ಲಿ ಲಾಂಡ್ರಿಯಲ್ಲಿ ಸಿಕ್ಕ ಹಾಳೆಯಿದೆಯಲ್ಲ: ಟೈಪು ಮಾಡಿದ ಹಾಡು, ಅದರ ಕೆಳಗೆ ನಿನ್ನ ಹೆಸರು. ಇಡೀ ಕೇಸು ನಿಂತಿರುವುದೇ ಅದರ ಮೇಲೆ ಎನ್ನುತ್ತಾರೆ ವಕೀಲೆ. ಅನುಮತಿಯಿಲ್ಲದೆ ಹಾಡಿದ್ದಕ್ಕೆ ದಂಡ ಕಟ್ಟಿದರೆ ಮುಗಿಯಿತು. ಬರೆದವರಿಗೆ ಆರು ವರ್ಷ. ಗುರುವಾರದ ವಿಚಾರಣೆಯಲ್ಲಿ ಹೆಸರನ್ನು ಬೇರೆ ಯಾರೋ ಸೇರಿಸಿದ್ದೆಂದು ಸಾಬೀತಾದರೆ ನೀನು ಅಂದು ಸಂಜೆಗೇ ಮನೆಯಲ್ಲಿರುತ್ತೀಯ. ಸೇರಿಸಿದವರು ಮಾತ್ರ, ಹಾಡು ಬರೆದವರೇ ಅವರೆಂದು, ಒಳಗೆ ಹೋಗಬೇಕಾದೀತು.

ಗಂಟಲು ಜೋಪಾನ. ಬಿಸಿನೀರು ಸಿಕ್ಕರೆ ಕುಡಿ. ನೂರು ವರ್ಷ ಹೀಗೇ ಊರ ನಿದ್ದೆ ಕೆಡಿಸಿಕೊಂಡು ಬಾಳು.

ನಿನ್ನ
ಅಕ್ಕ

ವಿ.ಸೂ.: ಆ ಹಾಳೆಯನ್ನು ಟೈಪು ಮಾಡಿದವಳು ನಾನೆಂಬುದು ನಿನಗೆ ಗೊತ್ತು. ನಾಲ್ವರೂ ಕೂತು ಬರೆಯುತ್ತೀರಿ, ಹಾಡು ಯಾರದೆಂದು ಹೇಳುವುದಿಲ್ಲ, ಹೆಸರು ಹಾಕುವುದಿಲ್ಲ. ನಿಮ್ಮ ಈ ನಿಯಮ ನನಗೂ ಗೊತ್ತಿತ್ತು. ಆದರೆ ಬರೆದವರ ಹೆಸರಿಲ್ಲದ ಪುಟವನ್ನು ನನ್ನ ಕಣ್ಣು ಸಹಿಸಲಿಲ್ಲ. ನನ್ನ ತಂಗಿ ಎಂಬ ಹೆಮ್ಮೆಯಲ್ಲಿ ಒಂದು ಗೆರೆ ಎಳೆದು, ಕೆಳಗೆ ನಿನ್ನ ಪೂರ್ತಿ ಹೆಸರು ಕುಟ್ಟಿದೆ. ಪೊಲೀಸರು ಮನೆಗೆ ಬಂದು ಟೈಪ್‌ರೈಟರನ್ನು ನಿನ್ನದೆಂದು ಹೊತ್ತೊಯ್ದಾಗ ಗೋಡೆಗೆ ಒರಗಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹೆಸರು ಹಾಕಿದ್ದು ಯಾರೆಂದು ಕೇಳಿದ್ದಕ್ಕೆ ನೀನು, ‘ನನ್ನ ಹೆಸರನ್ನ ಇನ್ಯಾರು ಹಾಕ್ತಾರೆ?’ ಎಂದೆಯಂತೆ.

ಗುರುವಾರ ಬಂದು ಕಟಕಟೆ ಹತ್ತುತ್ತೇನೆ. ನಾನೇ ಧೈರ್ಯ ಮಾಡಿ ತೀರ್ಮಾನಿಸಿದೆ ಎಂದು ಬರೆಯುವ ಆಸೆಯಿತ್ತು. ನಿನಗೆ ಸುಳ್ಳು ಹೇಳಲಾರೆ. ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮ ಬಾಗಿಲು ತಟ್ಟಿದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದರು: ‘ಟೀಚರಮ್ಮಾ, ನಮ್ಮಿಬ್ಬರ ಮಧ್ಯೆ ಇರೋದು ಒಂದೇ ಗೋಡೆ. ನಿಮ್ಮ ತಂಗೀನ ಹಿಡ್ಕೊಂಡು ಹೋಗೋ ಹಿಂದಿನ ದಿನ ಅವಳು ಮನೇಲಿರಲಿಲ್ಲ, ಟೈಪ್ ಹೊಡೆಯೋ ಸದ್ದು ಮಾತ್ರ ಬರ್ತಾನೇ ಇತ್ತು. ಟೈಪ್ ಹೊಡೆದದ್ದು ಯಾರು ಅಂತ ಪೊಲೀಸರು ಎರಡು ಸಲ ಬಂದು ಕೇಳಿದ್ರು, ನಂಗೆ ಕಿವಿ ಮಂದ ಅಂದುಬಿಟ್ಟೆ. ನೀವೇ ಹೇಳ್ತೀರೇನೋ ಅಂತ ಎರಡು ತಿಂಗಳಿಂದ ಕಾಯ್ತಾ ಇದೀನಿ.’