ಗೆರೆಯ ಪಕ್ಕದ ಬಿಳಿ ಅಂಚು

ಕ್ರಿ.ಶ. ೨೧೮೭, ಫೆಬ್ರವರಿ ೩೦

ವಿಶಾಲಾಕ್ಷಿ ಅಂಗಡಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಗೆರೆಸಾಕ್ಷಿ. ಹಳೆಯ ಫೋಟೋದಲ್ಲಿ ಕಾಣುವ ಗೆರೆ ನಿಜವಾಗಿ ಅಲ್ಲಿತ್ತೋ, ಕ್ಯಾಮೆರಾ ಎಳೆದದ್ದೋ ಎಂದು ಹೇಳುವುದು ನನ್ನ ಕೆಲಸ.

೨೦೨೬ರಲ್ಲಿ ನೀವು ಗೆಳತಿಯರನ್ನು ನಮ್ಮ ಅಣೆಕಟ್ಟಿನ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಿರಿ. ಆ ಕಾಲದ ಗೋಡೆಯ ಚಿತ್ರ ಉಳಿದಿರುವುದು ಅದೊಂದೇ. ಅವರ ತಲೆಯ ಮೇಲೆ ಒಂದು ಕಪ್ಪು ಗೆರೆ ಕಾಣುತ್ತದೆ. ಅದೇ ಜಾಗದಲ್ಲಿ ಈಗ ಬಿರುಕಿದೆ, ಹತ್ತು ದಿನದಿಂದ ನೀರು ಜಿನುಗುತ್ತಿದೆ. ಬಿರುಕು ನಿಮ್ಮ ಕಾಲದ್ದಾದರೆ ಗಾರೆ ಹಾಕಿದರೆ ಸಾಕು. ಹೊಸದಾದರೆ ಅದು ಬೆಳೆಯುತ್ತಿದೆ. ಕೆಳಗಿನ ನಲವತ್ತು ಮನೆಗಳು ಇಂದೇ ಖಾಲಿಯಾಗಬೇಕು.

ಆ ಮನೆಗಳಿಗೆ ಬೆಳಕುಬಟ್ಟೆಯ ಚಾವಣಿ, ಅಂದರೆ ಹಗಲು ಬಿಸಿಲು ಕುಡಿದು ಸಂಜೆ ಮೆಲ್ಲಗೆ ಹೊಳೆಯುವ ಬಟ್ಟೆ. ಒಲೆ ಮಾತ್ರ ಇನ್ನೂ ಒಲೆಯೇ. ಅಲ್ಲಿನ ಹೊನ್ನೂರವ್ವ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. “ಅಕ್ಕಾರ, ಆ ಗೆರಿ ಮುದುಕಿನೋ ಕೂಸೋ, ಅಷ್ಟ ಹೇಳ್ರಿ. ಮುದುಕಿ ಆದ್ರ ರೊಟ್ಟಿ ಬಡೀತೀನಿ, ಕೂಸಾದ್ರ ಗಂಟು ಕಟ್ತೀನಿ.”

ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ ಬಿರುಕು ಮೊದಲು ಕಂಡಾಗ, ಅದು ಮುದುಕಿ, ಹಳೆಯದು ಎಂದು ಬರೆದುಕೊಟ್ಟವಳು ನಾನೇ. ಫೋಟೋದ ಪ್ರತಿ ಮಾಡಿ, ಸಾಫ್ಟ್‌ವೇರ್‌ನಲ್ಲಿ ಇನ್ನಷ್ಟು ಚೂಪುಗೊಳಿಸಿದ್ದೆ. ಗೆರೆ ಸ್ಪಷ್ಟವಾಯಿತು, ನಂಬಿದೆ. ಸ್ಪಷ್ಟವಾಗಿ ಕಂಡದ್ದನ್ನೇ ಸತ್ಯ ಅಂದುಕೊಂಡೆನೆ? ಇವತ್ತು ಆ ಪ್ರತಿಯನ್ನು ಬದಿಗಿಟ್ಟು ಮೂಲವನ್ನು ತೆರೆದೆ. ಅಲ್ಲೂ ಗೆರೆಯ ಪಕ್ಕದಲ್ಲಿ ಬಿಳಿ ಅಂಚು. ಅದು ನಿಮ್ಮ ಕ್ಯಾಮೆರಾ ಒಳಗೇ ಮಾಡಿದ್ದು. ಶಾರ್ಪ್‌ನೆಸ್, ಅಂದರೆ ಚೂಪಿನ ಮಟ್ಟ, ಗರಿಷ್ಠಕ್ಕೆ ಇಟ್ಟಿದ್ದಿರೆಂದು ಫೈಲಿನಲ್ಲೇ ದಾಖಲಾಗಿದೆ. ಅಂಚು ಕಂಡಲ್ಲೆಲ್ಲ ಒಂದು ಬದಿಗೆ ಕಪ್ಪು, ಇನ್ನೊಂದು ಬದಿಗೆ ಬಿಳಿ ತುಂಬಿ, ಮೊದಲಿದ್ದುದನ್ನು ಕ್ಯಾಮೆರಾ ಎಸೆದುಬಿಟ್ಟಿದೆ. ನಾನು ಮಾಡಿದ ಚೂಪನ್ನು ಅಳಿಸಬಹುದು, ಕ್ಯಾಮೆರಾ ಮಾಡಿದ್ದನ್ನು ಅಳಿಸಲಾಗದು. ಅಡಿಯಲ್ಲಿ ಇದ್ದದ್ದು ಬಿರುಕೋ, ಪಾಚಿಯ ತೆಳು ಕಲೆಯೋ, ಇನ್ನು ಯಾರೂ ಹೇಳಲಾರರು.

ಮಧ್ಯಾಹ್ನದ ಸಭೆಯಲ್ಲಿ ಹಳೆಯ ಸಾಕ್ಷ್ಯ ಹಿಂತೆಗೆದುಕೊಂಡು, ಗೊತ್ತಿಲ್ಲ ಎನ್ನುತ್ತೇನೆ. ಗೊತ್ತಿಲ್ಲದ ಗೋಡೆಯ ಕೆಳಗೆ ಯಾರನ್ನೂ ಇರಿಸುವಂತಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ಗೆಳತಿಯರು ಚೆನ್ನಾಗಿ ಕಾಣಲೆಂದು ಹಾಗೆ ಮಾಡಿದಿರಿ. ಒಂದೇ ಕೋರಿಕೆ: ಇನ್ನು ಮುಂದೆ ಫೋಟೋ ತೆಗೆಯುವಾಗ ಶಾರ್ಪ್‌ನೆಸ್ ಸೊನ್ನೆಗಿಳಿಸಿ. ಮಂಕಾಗಿ ಕಂಡದ್ದು ಮಂಕಾಗಿಯೇ ಇರಲಿ. ಚೂಪು ಮಾಡುವುದಿದ್ದರೆ ಆಮೇಲೆ, ಪ್ರತಿಯ ಮೇಲೆ ಮಾಡಿ.

ಹೊನ್ನೂರವ್ವನಿಗೆ ಸಭೆಗೆ ಮೊದಲೇ ಹೋಗಿ ಇದನ್ನು ಹೇಳಿಬಂದೆ. ಅವಳು ನನ್ನನ್ನು ಬೈಯಲಿಲ್ಲ. ನಾದಿದ್ದ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಉರಿಯುತ್ತಿದ್ದ ಒಲೆಗೆ ನೀರು ಸುರಿದಳು.

ಇಂದುಮತಿ